ಕ್ರೋಷಾ ಕಲಿಯೋಣ: ಜಾರುಗಂಟಿನಿಂದ ಮೊದಲ ಚೌಕದವರೆಗೆ

ನನ್ನ ಮೊದಲ ಕ್ರೋಷಾ ಚೌಕ ಕೊನೆಗೆ ಸಮೋಸಾ ಆಯಿತು. 20 ಸ್ಟಿಚ್‌ನಿಂದ ಶುರು ಮಾಡಿದ್ದೆ. ಹತ್ತನೇ ಸಾಲಿಗೆ ಬಂದು ಎಣಿಸಿದರೆ 13! ದಾರ ಕತ್ತರಿಸಿರಲಿಲ್ಲ, ಗಂಟು ಬಿದ್ದಿರಲಿಲ್ಲ, ತಪ್ಪು ಮಾಡಿದ ನೆನಪೂ ಇಲ್ಲ, ಆದರೂ ಏಳು ಸ್ಟಿಚ್ ಎಲ್ಲಿಗೋ ಹೋಗಿದ್ದವು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇರಲಿ ಬಿಡು, ಗಣಪತಿಗೆ ಟೋಪಿ ಆಗತ್ತೆ" ಅಂದರು.

ಅದಕ್ಕೇ ಈಗ ಯಾರಿಗಾದರೂ ಕಲಿಸುವಾಗ ನಾನು ಮೊದಲು ಹೇಳುವುದು ಎರಡೇ ಮಾತು. ಕುಣಿಕೆ ಸಡಿಲವಾಗಿರಲಿ. ಪ್ರತಿ ಸಾಲಿನ ಕೊನೆಗೆ ಎಣಿಸಿ. ಕೈಚಳಕ ಆಮೇಲೆ ತಾನಾಗಿಯೇ ಬರುತ್ತದೆ, ಎಣಿಕೆ ಮಾತ್ರ ತಾನಾಗಿ ಬರುವುದಿಲ್ಲ.

ಕ್ರೋಷೆ ಅಂದರೆ ಫ್ರೆಂಚ್‌ನಲ್ಲಿ ಸಣ್ಣ ಕೊಕ್ಕೆ ಅಂತ ಅರ್ಥ. ನಮ್ಮ ಬಾಯಲ್ಲಿ ಅದು ಕ್ರೋಷಾ ಆಯಿತು. ಕೆಲಸವೂ ಅಷ್ಟೇ: ಕೊಕ್ಕೆಯಿಂದ ದಾರ ಹಿಡಿದು ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು. ಅಜ್ಜಿ ಮನೆಯ ಟಿವಿ ಮೇಲೆ ಹಾಸುತ್ತಿದ್ದ ಬಿಳಿ ಲೇಸು, ಬಾಗಿಲ ತೋರಣ, ಮಕ್ಕಳ ಟೋಪಿ, ಎಲ್ಲದರಲ್ಲೂ ಇರುವುದು ಇದೊಂದೇ ಚಲನೆ. ಎಷ್ಟು ಸಲ ಸುತ್ತುತ್ತೀರಿ, ಎಲ್ಲಿ ಚುಚ್ಚುತ್ತೀರಿ ಅನ್ನುವುದಷ್ಟೇ ಬದಲಾಗುತ್ತದೆ.

ಏನು ಕೊಳ್ಳಬೇಕು

ಜಾಸ್ತಿ ಏನೂ ಬೇಡ. ಎರಡು ಮಸಾಲೆ ದೋಸೆಯ ದುಡ್ಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. 4 ಎಂಎಂ ಇಲ್ಲವೇ 4.5 ಎಂಎಂ ಕಡ್ಡಿ ಒಂದು, ದಾರದ ಉಂಡೆ ಒಂದು, ಕತ್ತರಿ, ಎರಡು ಸೇಫ್ಟಿ ಪಿನ್, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ. ಬಣ್ಣಬಣ್ಣದ ಹಿಡಿಯ ಹನ್ನೆರಡು ಕಡ್ಡಿಗಳ ಸೆಟ್ ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಮೊದಲ ತಿಂಗಳು ಅದರಲ್ಲಿ ಹನ್ನೊಂದು ಡಬ್ಬಿಯಲ್ಲೇ ಇರುತ್ತವೆ. ಪೋನಿಯಂಥ ಕಂಪನಿಯ ಸಾದಾ ಅಲ್ಯೂಮಿನಿಯಂ ಕಡ್ಡಿ ಧಾರಾಳ ಸಾಕು.

ಕಡ್ಡಿ ಕೈಗೆ ಬಂದ ಮೇಲೆ ಒಂದು ನಿಮಿಷ ಅದನ್ನು ನೋಡಿ. ತುದಿಯಲ್ಲಿ ಕೊಕ್ಕೆಯ ಬಾಯಿ. ಅದರ ಕೆಳಗೆ ಸಣ್ಣಗಾಗುವ ಕತ್ತು. ಅದಕ್ಕೂ ಕೆಳಗೆ ಒಂದೇ ದಪ್ಪದ ಮೈ. ಆಮೇಲೆ ಹೆಬ್ಬೆರಳು ಇಡಲು ಚಪ್ಪಟೆ ಜಾಗ. 4 ಎಂಎಂ ಅಂದರೆ ಆ ಮೈಯ ದಪ್ಪ, ಕತ್ತಿನದಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾರದ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅರ್ಧ ಜನ ಸೋಲುವುದು ಇಲ್ಲೇ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದು ಬಹಳ ಸಲ ಅಕ್ರಿಲಿಕ್. ಕಲಿಯೋದಕ್ಕೆ ಅದು ತಪ್ಪೇನಲ್ಲ. ಆದರೆ ಮೈಯೆಲ್ಲ ಕೂದಲು ಎದ್ದ ದಾರ ಬೇಡ, ಮಿಂಚುವ ಜರಿ ದಾರ ಬೇಡ, ಕಪ್ಪಂತೂ ಬೇಡವೇ ಬೇಡ. ಕಪ್ಪಿನಲ್ಲಿ ಸ್ಟಿಚ್ ಎಲ್ಲಿದೆ ಅಂತ ಹಗಲಲ್ಲೂ ಕಾಣುವುದಿಲ್ಲ. ತಿಳಿ ಹಳದಿ, ಕೆನೆ, ತಿಳಿ ನೀಲಿ ತಗೊಳ್ಳಿ. ಸ್ವೆಟರ್ ಹೆಣೆಯುವಷ್ಟು ದಪ್ಪ ಇರಲಿ, ನುಣ್ಣಗಿರಲಿ. ಉಂಡೆಯ ಲೇಬಲ್ ಮೇಲೆ ಸಾಮಾನ್ಯವಾಗಿ ಯಾವ ಅಳತೆಯ ಕಡ್ಡಿ ಅಂತ ಬರೆದಿರುತ್ತದೆ. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡುವ ಯೋಚನೆ ಇದ್ದರೆ ಹತ್ತಿ ದಾರವನ್ನೇ ತಗೊಳ್ಳಿ. ಅಕ್ರಿಲಿಕ್ ಪ್ಲಾಸ್ಟಿಕ್ ಜಾತಿ, ಬಿಸಿ ತಾಗಿದರೆ ಕರಗುತ್ತದೆ.

ಇನ್ನೊಂದು ಮಾತು. ಸೀರೆ ಕುಚ್ಚು ಹಾಕೋಣ ಅಂತಲೇ ಕ್ರೋಷಾಗೆ ಬರುವವರು ನಮ್ಮಲ್ಲಿ ತುಂಬಾ ಜನ. ಬನ್ನಿ, ಆದರೆ ಅಲ್ಲಿಂದ ಶುರು ಮಾಡಬೇಡಿ. ಕುಚ್ಚಿಗೆ ಬಳಸುವುದು ತೆಳು ಸ್ಟೀಲ್ ಕಡ್ಡಿ, ಜಾರುವ ರೇಷ್ಮೆ ದಾರ, ಅದರ ಮೇಲೆ ಸೀರೆಯ ಅಂಚನ್ನೂ ಚುಚ್ಚಬೇಕು. ಹೊಸಬರಿಗೆ ಅದು ಈಜು ಬರುವ ಮೊದಲೇ ತುಂಬಿದ ಹೊಳೆಗೆ ಇಳಿದ ಹಾಗೆ. ದಪ್ಪ ದಾರದಲ್ಲಿ ಚೈನು ಮತ್ತು ಸಿಂಗಲ್ (ಮುಂದೆ ಕಲಿಯುವ ಎರಡು ಮೂಲ ಸ್ಟಿಚ್‌ಗಳು) ಕೈಗೆ ಹತ್ತಲಿ, ಆಮೇಲೆ ಕುಚ್ಚು ಹಾಕುವುದು ನಿಜವಾಗಿಯೂ ಸುಲಭ. ಆಗ ಅಂಗಡಿಯವರು ಸ್ಟೀಲ್ ಕಡ್ಡಿಯ ನಂಬರ್ ಕೇಳುತ್ತಾರೆ. ಅಲ್ಲಿ ಲೆಕ್ಕ ಉಲ್ಟಾ: ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ.

ಜಾರುಗಂಟು

ಬಾವಿಗೆ ಬಿಂದಿಗೆ ಇಳಿಸುವಾಗ ಅದರ ಕತ್ತಿಗೆ ಹಾಕುತ್ತಿದ್ದ ಕುಣಿಕೆ ನೆನಪಿದೆಯಾ? ಎಳೆದರೆ ಬಿಗಿಯಾಗುತ್ತದೆ, ಬಿಟ್ಟರೆ ಸಡಿಲವಾಗುತ್ತದೆ. ಇದೂ ಅದೇ ಜಾತಿ.

ದಾರವನ್ನು ಟೇಬಲ್ ಮೇಲಿಡಿ. ತುದಿಯಿಂದ ಒಂದು ಗೇಣು ಬಿಡಿ. ಅಲ್ಲಿ ಒಂದು ಉಂಗುರ ಮಾಡಿ, ಉಂಡೆ ಕಡೆಯ ದಾರ ತುದಿ ಕಡೆಯ ದಾರದ ಮೇಲೆ ಹಾಯಲಿ. ಈಗ ಉಂಡೆ ಕಡೆಯ ದಾರವನ್ನು ಆ ಉಂಗುರದ ಹಿಂದಕ್ಕೆ ತನ್ನಿ. ಉಂಗುರದ ಮಧ್ಯದಲ್ಲಿ ದಾರ ಅಡ್ಡ ಕಾಣುತ್ತದೆ, ಅಲ್ವಾ? ಉಂಗುರದೊಳಗೆ ಕಡ್ಡಿ ಹಾಕಿ, ಆ ಅಡ್ಡ ದಾರವನ್ನು ಕೊಕ್ಕೆಯಿಂದ ಹಿಡಿದು ಮುಂದಕ್ಕೆ ಎಳೆಯಿರಿ. ಎರಡೂ ತುದಿ ಹಿಡಿದು ಮೆಲ್ಲಗೆ ಜಗ್ಗಿ. ಗಂಟು ಕೂತಿತು.

ಸರಿಯಾಗಿದೆಯಾ ಅಂತ ನೋಡಲು ಉಂಡೆ ಕಡೆಯ ದಾರ ಎಳೆಯಿರಿ. ಕಡ್ಡಿ ಮೇಲಿನ ಕುಣಿಕೆ ಚಿಕ್ಕದಾದರೆ ಸರಿ. ತುದಿ ಎಳೆದಾಗ ಚಿಕ್ಕದಾದರೆ ಉಲ್ಟಾ ಆಗಿದೆ, ಬಿಚ್ಚಿ ಮತ್ತೆ ಮಾಡಿ. ಹತ್ತು ಸಲ ಮಾಡಿ ಬಿಚ್ಚಿ. ಹನ್ನೊಂದನೇ ಸಲಕ್ಕೆ ಕೈ ತಾನಾಗಿ ಮಾಡುತ್ತದೆ.

ಕಡ್ಡಿ ಮೇಲಿನ ಕುಣಿಕೆ ಕಡ್ಡಿಯನ್ನು ಅಪ್ಪಿಕೊಂಡಿರಬೇಕು, ಕತ್ತು ಹಿಸುಕಬಾರದು. ಕಡ್ಡಿ ಹಿಂದೆ ಮುಂದೆ ಆಡಿಸಿದರೆ ಸಲೀಸಾಗಿ ಜಾರಬೇಕು.

ಹಿಡಿಯುವುದು ಹೇಗೆ

ಬಲಗೈಯಲ್ಲಿ ಕಡ್ಡಿ. ಕೆಲವರು ಪೆನ್ಸಿಲ್ ಹಾಗೆ ಹಿಡಿಯುತ್ತಾರೆ, ಕೆಲವರು ತರಕಾರಿ ಹೆಚ್ಚುವ ಚಾಕು ಹಿಡಿದ ಹಾಗೆ. ಎರಡೂ ಸರಿ. ನನಗೆ ಚಾಕು ಹಿಡಿತದಲ್ಲಿ ಮಣಿಕಟ್ಟು ಕಡಿಮೆ ನೋಯುತ್ತದೆ, ನಿಮಗೆ ಬೇರೆ ಇರಬಹುದು.

ಎಡಗೈಯೇ ಕಷ್ಟದ್ದು. ದಾರ ಅಳತೆಗೆ ಸರಿಯಾಗಿ ಬಿಡುವ ಕೆಲಸ ಅದರದ್ದು. ಉಂಡೆಯಿಂದ ಬರುವ ದಾರವನ್ನು ಕಿರುಬೆರಳಿಗೆ ಒಂದು ಸುತ್ತು ಸುತ್ತಿ, ಉಂಗುರದ ಬೆರಳು ಮತ್ತು ನಡುಬೆರಳ ಕೆಳಗಿನಿಂದ ತಂದು, ತೋರುಬೆರಳ ಮೇಲೆ ಹಾಯಿಸಿ. ತೋರುಬೆರಳನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಹೆಬ್ಬೆರಳು ಮತ್ತು ನಡುಬೆರಳಿಂದ ಕಡ್ಡಿಯ ಕೆಳಗಿರುವ ಗಂಟನ್ನು ಹಿಡಿದುಕೊಳ್ಳಿ. ಬೆರಳು ಸೆಟೆದುಕೊಳ್ಳುತ್ತದೆ, ಮೊದಲ ದಿನ ಎಲ್ಲರಿಗೂ ಹಾಗೇ ಆಗುತ್ತದೆ. ಕಿರುಬೆರಳ ಸುತ್ತು ಇಷ್ಟವಾಗದಿದ್ದರೆ ಬಿಡಿ, ದಾರ ಹೇಗೋ ಒಂದು ಕಡೆ ಸ್ವಲ್ಪ ತಡೆದು ಬಂದರೆ ಸಾಕು.

ಎಡಚರಾಗಿದ್ದರೆ ಎಲ್ಲವೂ ಕನ್ನಡಿಯಲ್ಲಿ ನೋಡಿದ ಹಾಗೆ. ಕಲಿಸುವವರ ಪಕ್ಕ ಕೂರುವ ಬದಲು ಎದುರಿಗೆ ಕೂತು ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಚೈನು

ಎಲ್ಲದರ ಬುಡ ಇದು. ತೋರುಬೆರಳಿಂದ ಬರುವ ದಾರದ ಕೆಳಗೆ ಕಡ್ಡಿ ತೂರಿಸಿ, ದಾರ ಕಡ್ಡಿಯ ಹಿಂದಿನಿಂದ ಮೇಲೆ ಹಾದು ಮುಂದಕ್ಕೆ ಬರಲಿ. ಕೊಕ್ಕೆಯ ಬಾಯಿ ದಾರ ಕಚ್ಚುತ್ತದೆ. ಈಗ ಬಾಯಿಯನ್ನು ಕೆಳಕ್ಕೆ ತಿರುಗಿಸಿ, ಕಡ್ಡಿ ಮೇಲಿರುವ ಕುಣಿಕೆಯೊಳಗಿಂದ ಹೊರಕ್ಕೆ ಎಳೆಯಿರಿ. ಒಂದು ಚೈನು ಆಯಿತು. ಬಾಯಿ ಮೇಲಕ್ಕೇ ಇದ್ದರೆ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ, ಆಗ ಜಗ್ಗಾಡಬೇಡಿ, ಕಡ್ಡಿಯನ್ನು ಸ್ವಲ್ಪ ಹೊರಳಿಸಿ ಸಾಕು.

ಸುತ್ತು, ಎಳಿ. ಸುತ್ತು, ಎಳಿ. ಎರಡು ಮೂರು ಚೈನಿಗೊಮ್ಮೆ ಎಡಗೈ ಬೆರಳನ್ನು ಮೇಲಕ್ಕೆ ಸರಿಸಿ ಕೊಕ್ಕೆಯ ಹತ್ತಿರ ಹಿಡಿಯಿರಿ.

ಇಲ್ಲಿ ಆ ಕಡ್ಡಿಯ ಮೈ ವಿಷಯ ಬರುತ್ತದೆ. ಹೊಸಬರು ಭಯದಿಂದ ಕೊಕ್ಕೆಯ ಕತ್ತಿನಲ್ಲೇ ಕುಣಿಕೆ ಬಿಗಿ ಮಾಡಿಬಿಡುತ್ತಾರೆ. ಕತ್ತು ಸಣ್ಣದು, ಕುಣಿಕೆಯೂ ಸಣ್ಣದಾಗುತ್ತದೆ, ಮುಂದಿನ ಸಾಲಿನಲ್ಲಿ ಅದರೊಳಗೆ ಕಡ್ಡಿ ಹೋಗುವುದೇ ಇಲ್ಲ. ಆಮೇಲೆ "ನನ್ನ ಕೈಗೆ ಇದು ಆಗಲ್ಲ" ಅಂತ ಎತ್ತಿಡುತ್ತಾರೆ. ಕೈಯ ತಪ್ಪಲ್ಲ ಅದು. ಪ್ರತಿ ಕುಣಿಕೆಯನ್ನೂ ಕಡ್ಡಿಯ ದಪ್ಪ ಮೈವರೆಗೆ ತಂದು, ಆಮೇಲೆ ಮುಂದಿನದ್ದಕ್ಕೆ ಹೋಗಿ. ಅಷ್ಟು ಮಾಡಿಯೂ ಬಿಗಿ ಬಂದರೆ ಚೈನಿಗೆ ಮಾತ್ರ ಅರ್ಧ ಎಂಎಂ ಹೆಚ್ಚು ದಪ್ಪ ಇರುವ ಕಡ್ಡಿ ಬಳಸಿ, ಮೊದಲ ಸಾಲಿನಿಂದ ಹಳೆಯ ಕಡ್ಡಿಗೆ ಬನ್ನಿ.

ಮೊದಲ ಎರಡು ದಿನ ಬರೀ ಚೈನು ಹಾಕಿ. ಒಂದು ಮೊಳ, ಎರಡು ಮೊಳ, ಬಿಚ್ಚಿ, ಮತ್ತೆ. ಬೋರು ಅಂತ ಅನಿಸಬಹುದು. ಆದರೆ ಚೈನು ಒಂದೇ ಸಮ ಬಂದ ದಿನ ಉಳಿದದ್ದೆಲ್ಲ ಅರ್ಧ ಬಂದಿದೆ ಅಂತಲೇ ಲೆಕ್ಕ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಒಂದು ಸ್ಟಿಚ್ ಜಾರಿದರೆ ಏಣಿಯ ಹಾಗೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತದೆ, ಇಲ್ಲಿ ತೆರೆದಿರುವ ಕುಣಿಕೆ ಒಂದೇ. ಕಡ್ಡಿ ತೆಗೆದು ದಾರ ಎಳೆದರೆ ಬೇಕಾದಷ್ಟೇ ಬಿಚ್ಚುತ್ತದೆ, ಕುಣಿಕೆಗೆ ಮತ್ತೆ ಕಡ್ಡಿ ಹಾಕಿ ಮುಂದುವರಿಸಬಹುದು. ಎಷ್ಟು ತಪ್ಪಿದರೂ ದಾರ ದಂಡವಾಗುವುದಿಲ್ಲ.

ಎಣಿಸುವುದು ಹೀಗೆ: ಚೈನನ್ನು ತಿರುಚದೆ ಹಿಡಿಯಿರಿ. ಮುಂಭಾಗದಲ್ಲಿ ಜಡೆ ಹೆಣೆದ ಹಾಗೆ ಸಾಲಾಗಿ ಎಳೆಗಳು ಕಾಣುತ್ತವೆ, ಒಂದೊಂದು ಜೋಡಿ ಎಳೆ ಒಂದು ಚೈನು. ಹಿಂಭಾಗದಲ್ಲಿ ಸಣ್ಣ ಉಬ್ಬು. ಕಡ್ಡಿ ಮೇಲಿರುವ ಕುಣಿಕೆಯನ್ನು ಎಣಿಸಬಾರದು. ಶುರುವಿನ ಗಂಟನ್ನೂ ಎಣಿಸಬಾರದು.

ಮೊದಲ ಚೌಕ: ಸಿಂಗಲ್ ಕ್ರೋಷಾ

ಕಾಫಿ ಲೋಟದ ಕೆಳಗಿಡುವ ಕೋಸ್ಟರ್ ಮಾಡೋಣ. ಚಿಕ್ಕದು, ಒಂದು ಸಂಜೆಯಲ್ಲಿ ಮುಗಿಯುತ್ತದೆ, ಸೊಟ್ಟಗಾದರೂ ಲೋಟ ಬೇಡ ಅನ್ನುವುದಿಲ್ಲ.

16 ಚೈನು ಹಾಕಿ. 15 ಸ್ಟಿಚ್‌ಗೆ 15, ತಿರುಗುವುದಕ್ಕೆ 1.

ಕೊಕ್ಕೆಯಿಂದ ಎರಡನೇ ಚೈನು ಹುಡುಕಿ. ಅದರ ಮೇಲಿನ ಎಳೆಯ ಕೆಳಗೆ ಕಡ್ಡಿ ಚುಚ್ಚಿ. ದಾರ ಸುತ್ತಿ, ಆ ತೂತಿನಿಂದ ಮಾತ್ರ ಎಳೆಯಿರಿ. ಈಗ ಕಡ್ಡಿ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ, ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಒಂದು ಕುಣಿಕೆ ಉಳಿಯಿತು. ಅದೇ ಸಿಂಗಲ್.

ಈ ಮೊದಲನೇ ಸ್ಟಿಚ್‌ನ ತಲೆಗೆ ಒಂದು ಸೇಫ್ಟಿ ಪಿನ್ ಹಾಕಿ. ಮರೆಯಬೇಡಿ, ಕಾರಣ ಈಗ ಹೇಳುತ್ತೇನೆ.

ಮುಂದಿನ ಚೈನಿಗೆ ಮುಂದಿನ ಸಿಂಗಲ್. ಒಂದು ಚೈನಿಗೆ ಒಂದೇ, ಯಾವುದನ್ನೂ ಬಿಡುವ ಹಾಗಿಲ್ಲ. ಕೊನೆಗೆ ಬಂದಾಗ 15 ಇರಬೇಕು. ಈ ಮೊದಲ ಸಾಲು ತೀರಾ ಕೆಟ್ಟದಾಗಿ ಕಾಣುತ್ತದೆ, ಹಾವಿನ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಹತ್ತು ವರ್ಷ ಮಾಡಿದವರದ್ದೂ ಹಾಗೇ. ಮೂರನೇ ಸಾಲಿಗೆ ತಾನಾಗಿ ನೆಟ್ಟಗಾಗುತ್ತದೆ.

ಈಗ ಒಂದು ಚೈನು ಹಾಕಿ, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಕೆಲಸವನ್ನು ತಿರುಗಿಸಿ. ಈ ಒಂದು ಚೈನು ಸುಮ್ನೆ ಎತ್ತರಕ್ಕೆ, ಲೆಕ್ಕಕ್ಕಿಲ್ಲ. ಮೇಲಂಚು ನೋಡಿದರೆ ಮತ್ತೆ ಅದೇ ಜಡೆ. ಇನ್ನು ಮುಂದೆ ಕಡ್ಡಿ ಚುಚ್ಚುವುದು ಜಡೆಯ ಎರಡೂ ಎಳೆಯ ಕೆಳಗೆ. ಒಂದೇ ಎಳೆಗೆ ಚುಚ್ಚಿದರೆ ಗೆರೆಗೆರೆಯಾಗಿ ಬರುತ್ತದೆ, ಅದೂ ಒಂದು ಡಿಸೈನೇ, ಆದರೆ ಈಗ ಬೇಡ.

ನನ್ನ ಏಳು ಸ್ಟಿಚ್ ಕಳೆದುಹೋದದ್ದು ಇಲ್ಲೇ. ಸಾಲಿನ ಮೊದಲ ಸ್ಟಿಚ್ ಕಡ್ಡಿಗೆ ತೀರಾ ಹತ್ತಿರ ಇರುತ್ತದೆ, ಅದನ್ನು ಹಾರಿ ಎರಡನೆಯದಕ್ಕೆ ಚುಚ್ಚಿಬಿಡುತ್ತೇವೆ. ಕೊನೆಯದು ಪಕ್ಕಕ್ಕೆ ವಾಲಿಕೊಂಡು ಅಂಚಿನ ಹಾಗೆ ಕಾಣುತ್ತದೆ, "ಮುಗೀತು" ಅಂತ ತಿರುಗಿಸಿಬಿಡುತ್ತೇವೆ. ಒಂದು ಕಡೆ ತಪ್ಪಿದರೆ ಒಂದು ಸ್ಟಿಚ್ ಹೋಯಿತು, ಎರಡೂ ಕಡೆ ತಪ್ಪಿದರೆ ಸಮೋಸಾ. ಪಿನ್ ಇರುವುದು ಇದಕ್ಕೇ. ಮೊದಲ ಸಾಲಿನ ಮೊದಲ ಸ್ಟಿಚ್‌ಗೆ ಹಾಕಿದ ಪಿನ್ ಎರಡನೇ ಸಾಲಿನ ಕೊನೆಯಲ್ಲಿ ಎದುರಾಗುತ್ತದೆ. ಅದರೊಳಗೆ ಸ್ಟಿಚ್ ಹಾಕದೆ ತಿರುಗಿಸುವ ಹಾಗಿಲ್ಲ. ಪ್ರತಿ ಸಾಲು ಶುರುವಾದಾಗ ಮೊದಲ ಸ್ಟಿಚ್‌ಗೆ ಹೊಸದಾಗಿ ಪಿನ್ ಹಾಕಿ, ಎರಡು ಪಿನ್ ಅದಲು ಬದಲು ಮಾಡುತ್ತಾ ಹೋಗಿ. 15 ಅಂತ ಎಣಿಸಿಯೇ ತಿರುಗಿಸಿ. 14 ಬಂದರೆ ಎಲ್ಲೋ ಒಂದು ಬಿಟ್ಟಿದ್ದೀರಿ. 16 ಬಂದರೆ ಒಂದೇ ತಲೆಗೆ ಎರಡು ಸಲ ಚುಚ್ಚಿದ್ದೀರಿ, ಇಲ್ಲವೇ ತಿರುಗುವ ಚೈನನ್ನೂ ಸ್ಟಿಚ್ ಅಂತ ತಿಳಿದು ಅದಕ್ಕೂ ಹಾಕಿದ್ದೀರಿ. ಆ ಸಾಲು ಬಿಚ್ಚಿ. ಒಂದು ಸಾಲು ಬಿಚ್ಚುವುದಕ್ಕೆ ಬೇಜಾರಾದವರು ಕೊನೆಗೆ ಹತ್ತು ಸಾಲು ಬಿಚ್ಚಬೇಕಾಗುತ್ತದೆ.

ಸಿಂಗಲ್‌ನ ಅಗಲಕ್ಕಿಂತ ಎತ್ತರ ಸ್ವಲ್ಪ ಕಡಿಮೆ, ಹಾಗಾಗಿ 15 ಸ್ಟಿಚ್ ಇದ್ದರೆ ಸುಮಾರು 16ರಿಂದ 18 ಸಾಲು ಬೇಕಾಗುತ್ತದೆ. ಸ್ಕೇಲ್ ಬೇಡ, ಮೂಲೆಯಿಂದ ಮೂಲೆಗೆ ಮಡಿಸಿ ನೋಡಿ. ಅಂಚು ಅಂಚಿಗೆ ಕೂತರೆ ಚೌಕ ಆಗಿದೆ.

ಮುಗಿಸುವಾಗ ಒಂದು ಗೇಣು ದಾರ ಬಿಟ್ಟು ಕತ್ತರಿಸಿ. ದಾರ ಸುತ್ತಿ ಕುಣಿಕೆಯಿಂದ ಎಳೆಯುತ್ತಲೇ ಹೋಗಿ, ತುದಿ ಪೂರ್ತಿ ಹೊರಗೆ ಬರಲಿ. ಜಗ್ಗಿ. ಬಾಲವನ್ನು ಮೊಂಡು ಸೂಜಿಗೆ ಪೋಣಿಸಿ, ಸ್ಟಿಚ್‌ಗಳ ಒಳಗೆ ಎರಡು ಇಂಚು ಹೋಗಿ, ಒಂದು ಎಳೆ ಬಿಟ್ಟು ವಾಪಸ್ ಬಂದು, ಇನ್ನೊಮ್ಮೆ ಹೋಗಿ. ಬರೀ ಗಂಟು ಹಾಕಿ ಬುಡಕ್ಕೆ ಕತ್ತರಿಸಿದರೆ ಎರಡನೇ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಹತ್ತಿಯ ಚೌಕವಾದರೆ ಒದ್ದೆ ಮಾಡಿ, ಟವೆಲ್ ಮೇಲೆ ಅಂಚು ನೇರ ಮಾಡಿ ಪಿನ್ ಚುಚ್ಚಿ ಒಣಗಿಸಿ, ಸಣ್ಣಪುಟ್ಟ ಸೊಟ್ಟ ಮಾಯ. ಅಕ್ರಿಲಿಕ್ ಮೇಲೆ ಮಾತ್ರ ಇಸ್ತ್ರಿ ಪೆಟ್ಟಿಗೆ ಇಡಬೇಡಿ.

ಡಬಲ್ ಮತ್ತು ಹೆಸರಿನ ಗೋಜಲು

ಡಬಲ್ ಅಂದರೆ ಉದ್ದ ಕಂಬ. ಬೇಗ ಬೆಳೆಯುತ್ತದೆ, ಬಟ್ಟೆ ಮೆತ್ತಗೆ ಬರುತ್ತದೆ. ಚುಚ್ಚುವ ಮೊದಲೇ ದಾರ ಒಂದು ಸಲ ಸುತ್ತಿಕೊಳ್ಳಬೇಕು. ಆಮೇಲೆ ಚುಚ್ಚಿ, ಸುತ್ತಿ, ಎಳೆಯಿರಿ: ಮೂರು ಕುಣಿಕೆ. ಸುತ್ತಿ ಎರಡರಿಂದ ಎಳೆಯಿರಿ: ಎರಡು ಉಳಿಯಿತು. ಮತ್ತೆ ಸುತ್ತಿ ಎರಡರಿಂದ ಎಳೆಯಿರಿ: ಒಂದು.

15 ಕಂಬದ ಸಾಲಿಗೆ 17 ಚೈನು ಹಾಕಿ, ಕೊಕ್ಕೆಯಿಂದ ನಾಲ್ಕನೆಯದಕ್ಕೆ ಮೊದಲ ಕಂಬ. ಬಿಟ್ಟ ಮೂರು ಚೈನು ಸೇರಿ ಒಂದು ಕಂಬದ ಲೆಕ್ಕ. ಸಾಲು ಮುಗಿದ ಮೇಲೆ ಮೂರು ಚೈನು ಹಾಕಿ ತಿರುಗಿಸಿ. ಇಲ್ಲಿ ಸಿಂಗಲ್‌ಗಿಂತ ನಿಯಮ ಬೇರೆ: ಆ ಮೂರು ಚೈನೇ ಮೊದಲ ಕಂಬ, ಹಾಗಾಗಿ ಮೊದಲ ಸ್ಟಿಚ್ ಬಿಟ್ಟು ಎರಡನೆಯದಕ್ಕೆ ಚುಚ್ಚಬೇಕು, ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಮೂರು ಚೈನಿನ ತಲೆಗೂ ಒಂದು ಹಾಕಬೇಕು. ಆ ಕೊನೆಯದನ್ನು ಮರೆಯದವರನ್ನು ನಾನಿನ್ನೂ ನೋಡಿಲ್ಲ.

ಹೆಸರಿನ ವಿಷಯದಲ್ಲಿ ಹುಷಾರು. ಅಮೆರಿಕದವರ ಸಿಂಗಲ್ ಬ್ರಿಟನ್ನಿನವರಿಗೆ ಡಬಲ್. ಅಮೆರಿಕದವರ ಡಬಲ್ ಅವರಿಗೆ ಟ್ರೆಬಲ್. ನಾನು ಇಲ್ಲಿ ಬರೆದದ್ದು ಅಮೆರಿಕದ ಹೆಸರು, ಈಗಿನ ವಿಡಿಯೋಗಳಲ್ಲಿ ಬಹುತೇಕ ಅದೇ. ಹಳೆಯ ಪ್ಯಾಟರ್ನ್ (ಹೆಣೆಯುವ ಕ್ರಮ ಬರೆದಿಟ್ಟ ಹಾಳೆ) ಸಿಕ್ಕರೆ ಎಲ್ಲಾದರೂ ಸಿಂಗಲ್ ಅನ್ನುವ ಪದ ಇದೆಯಾ ಹುಡುಕಿ. ಇದ್ದರೆ ಬಹುತೇಕ ಅಮೆರಿಕದ್ದು, ಬ್ರಿಟನ್ನಿನ ಈಗಿನ ಪಟ್ಟಿಯಲ್ಲಿ ಆ ಹೆಸರೇ ಇಲ್ಲ.

ಎಷ್ಟು ಹೊತ್ತು ಮಾಡಬೇಕು ಅಂತ ಕೇಳುತ್ತಾರೆ. ಅರ್ಧ ಗಂಟೆ ಸಾಕು, ಆಮೇಲೆ ಕೈ ಕೊಡವಿ ಎದ್ದು ಓಡಾಡಿ. ಹೆಬ್ಬೆರಳ ಬುಡ ನೋಯುತ್ತಿದ್ದರೆ ಕಡ್ಡಿಯನ್ನು ತೀರಾ ಬಿಗಿ ಹಿಡಿದಿದ್ದೀರಿ. ಪಕ್ಕದ ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಕೆಲಸದ ಮಧ್ಯೆ ಕೂತು ತೆಳು ದಾರದ ಲೇಸು ಹಾಕುತ್ತಾರೆ. 19ನೇ ಶತಮಾನದಲ್ಲಿ ಮಿಷನರಿಗಳಿಂದ ಆ ಕಡೆಗೆ ಬಂದ ಕೆಲಸ ಅದು, 2024ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಅನ್ನುವ ಅಧಿಕೃತ ಗುರುತು) ಕೂಡ ಸಿಕ್ಕಿತು. ಅಲ್ಲಿನ ಲೇಸು ಹಾಕುವವರ ವಿಡಿಯೋ ಸಿಕ್ಕರೆ ಕೈ ನೋಡಿ. ವೇಗ ನೋಡಬೇಡಿ, ಅದು ನಮ್ಮನ್ನು ಹೆದರಿಸುತ್ತದೆ. ಕಡ್ಡಿ ಎಷ್ಟು ಹಗುರವಾಗಿ ಹಿಡಿದಿದ್ದಾರೆ ಅನ್ನುವುದನ್ನು ನೋಡಿ.

ಎರಡು ಮೂರು ಚೌಕ ಆದ ಮೇಲೆ ದುಂಡಗೆ ಹೋಗಿ. ಎರಡು ಚೈನು ಹಾಕಿ, ಕೊಕ್ಕೆಯಿಂದ ಎರಡನೇ ಚೈನಿನೊಳಗೇ 6 ಸಿಂಗಲ್. ಮುಂದಿನ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, 12. ಅದರ ಮುಂದೆ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು, ಒಟ್ಟು 18. ಹೀಗೆ ಸುತ್ತಿಗೆ ಆರಾರು ಜಾಸ್ತಿ. ಪಿನ್ ಈಗ ಸುತ್ತಿನ ಮೊದಲ ಸ್ಟಿಚ್‌ಗೆ. ಮಧ್ಯ ಬಟ್ಟಲಿನ ಹಾಗೆ ಗುಳಿ ಬಿದ್ದರೆ ಹೆಚ್ಚಿಸುವುದನ್ನು ಎಲ್ಲೋ ಮರೆತಿದ್ದೀರಿ. ಅಂಚು ಲಂಗದ ನಿರಿಗೆ ಹಾಗೆ ಅಲೆಅಲೆಯಾದರೆ ಹೆಚ್ಚಿಸಿದ್ದು ಜಾಸ್ತಿಯಾಗಿದೆ. ಎರಡಕ್ಕೂ ಔಷಧಿ ಒಂದೇ, ಒಂದು ಸುತ್ತು ಬಿಚ್ಚಿ ಎಣಿಸಿ.